ಕಾಣುವ ಬಂದೂಕು ಯಾರಿಗೆ ಮಾತಾಡುತ್ತದೆ? ಅಮೆರಿಕದ ಓಪನ್ ಕ್ಯಾರಿ ಜಗಳದ ಒಳಗೆ

ಟೆಕ್ಸಾಸ್ ಕಡೆ ನೆಲೆಸಿರುವ ಕನ್ನಡದವರನ್ನು ಕೇಳಿ ನೋಡಿ. ಅಂಗಡಿ, ಹೋಟೆಲ್, ಆಸ್ಪತ್ರೆ ಬಾಗಿಲಲ್ಲಿ ಹಾಕಿರುವ ಒಂದು ಬೋರ್ಡ್ ಅವರ ಕಣ್ಣಿಗೆ ಬಿದ್ದೇ ಇರುತ್ತದೆ. ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ದಪ್ಪ ಅಕ್ಷರ, ಮಧ್ಯೆ ಎಲ್ಲೋ 30.07 ಎಂಬ ಸಂಖ್ಯೆ. ಅದು ಆ ರಾಜ್ಯದ ದಂಡಸಂಹಿತೆಯ ಒಂದು ಸೆಕ್ಷನ್. ಪಿಸ್ತೂಲನ್ನು ಎಲ್ಲರಿಗೂ ಕಾಣುವ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡವರು, ಅಂದರೆ ಓಪನ್ ಕ್ಯಾರಿ ಮಾಡುವವರು, ಒಳಗೆ ಬರಬೇಡಿ ಎಂದು ಅದರ ಅರ್ಥ. ಇದಕ್ಕೊಂದು ಜೋಡಿ ಬೋರ್ಡ್ ಇದೆ, 30.06. ಅದು ಅಂಗಿಯ ಅಡಿಯಲ್ಲಿ ಮುಚ್ಚಿಟ್ಟುಕೊಂಡ ಪಿಸ್ತೂಲಿಗೆ. ಕೆಲವು ಕಡೆ ಎರಡೂ ಇರುತ್ತವೆ. 30.07 ಒಂದನ್ನೇ ಹಾಕಿದ ಜಾಗಗಳೂ ಇವೆ. ಅಂಥ ಮಾಲೀಕರಿಗೆ ಗಿರಾಕಿಯ ಹತ್ತಿರ ಬಂದೂಕು ಇರುವುದರ ಬಗ್ಗೆ ತಕರಾರಿಲ್ಲ, ಅದು ಕಾಣುವುದರ ಬಗ್ಗೆ ಮಾತ್ರ ತಕರಾರು.

ನನ್ನ ಪ್ರಕಾರ ಇಡೀ ಚರ್ಚೆಯ ತಿರುಳು ಇಲ್ಲೇ ಇದೆ. ಎರಡೂ ಕಡೆ ಬಂದೂಕು ಅದೇ, ಗುಂಡೂ ಅದೇ. ಆದರೆ ಕಾಣುವ ಬಂದೂಕು ಅದನ್ನು ಹೊತ್ತವನಿಗಿಂತ ಸುತ್ತಲಿರುವವರ ಮೇಲೆ ಜಾಸ್ತಿ ಕೆಲಸ ಮಾಡುತ್ತದೆ. ಅಮೆರಿಕದ ಕೋರ್ಟುಗಳು ಮಾತ್ರ ಹೊತ್ತವನ ಹಕ್ಕು ಎಷ್ಟು ಎಂದು ಅಳೆಯುತ್ತಾ ಬಂದಿವೆ. ನೋಡುವವರ ಪಾಲಿಗೆ ಏನಾಗುತ್ತದೆ ಎಂದು ಕೇಳಿದ್ದು ಕಡಿಮೆ.

ಮೊದಲು ಈಗಿನ ಪರಿಸ್ಥಿತಿ ಏನು ಅಂತ ನೋಡೋಣ. ಬಂದೂಕಿನ ವಿಷಯದಲ್ಲಿ ಅಮೆರಿಕ ಒಂದೇ ದೇಶದ ಹಾಗೆ ನಡೆದುಕೊಳ್ಳುವುದಿಲ್ಲ. ಬೀದಿಯಲ್ಲಿ ಬಂದೂಕು ಹಿಡಿದು ಓಡಾಡುವ ನಿಯಮವನ್ನು ಹೆಚ್ಚಾಗಿ ಆಯಾ ರಾಜ್ಯವೇ ಮಾಡುತ್ತದೆ. 2024ರ ಹೊತ್ತಿಗೆ 29 ರಾಜ್ಯಗಳಲ್ಲಿ ಪಿಸ್ತೂಲು ಇಟ್ಟುಕೊಂಡು ಹೊರಗೆ ಹೋಗಲು ಪರ್ಮಿಟ್ಟೇ ಬೇಕಿರಲಿಲ್ಲ. ವರ್ಮಾಂಟ್‌ನಲ್ಲಂತೂ ಪರ್ಮಿಟ್ ಎಂಬುದೇ ಎಂದೂ ಇರಲಿಲ್ಲ. ಇನ್ನೊಂದು ಕಡೆ ನ್ಯೂಯಾರ್ಕ್, ಇಲಿನಾಯ್ ಥರದ ರಾಜ್ಯಗಳು ಲೈಸೆನ್ಸ್ ಇದ್ದವರಿಗೆ ಮುಚ್ಚಿಟ್ಟುಕೊಂಡು ಹೋಗಲು ಬಿಡುತ್ತವೆ, ಕಾಣುವಂತೆ ಬಿಡುವುದಿಲ್ಲ. ಫ್ಲೋರಿಡಾ ಕೂಡ 1987ರಿಂದ ಹಾಗೇ ಇತ್ತು. ಬಂದೂಕಿನ ಪರ ಇರುವ ರಾಜ್ಯ ಎಂದು ಹೆಸರಾಗಿದ್ದರೂ ಅಲ್ಲಿ ಕಾಣುವಂತೆ ಹೊರುವುದು ಅಪರಾಧವಾಗಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಒಂದು ಮೇಲ್ಮನವಿ ಕೋರ್ಟು ಆ ನಿಷೇಧ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ರಾಜ್ಯದ ಅಟಾರ್ನಿ ಜನರಲ್ ಅದನ್ನು ಸುಪ್ರೀಂ ಕೋರ್ಟಿಗೆ ಒಯ್ಯುವುದು ಬಿಟ್ಟು, ಇದೇ ಈಗ ಇಡೀ ರಾಜ್ಯದ ಕಾನೂನು ಎಂದು ಪೊಲೀಸರಿಗೆ ಸೂಚನೆ ಕಳಿಸಿದರು. ಹಳೆಯ ಪ್ರಶ್ನೆ ಮತ್ತೆ ಎದ್ದು ಕೂತಿದೆ.

ಟೆಕ್ಸಾಸ್ ಎಂದ ತಕ್ಷಣ ಕೌಬಾಯ್, ಸೊಂಟದಲ್ಲಿ ರಿವಾಲ್ವರ್ ಎಂದು ನಮ್ಮ ಕಣ್ಣಮುಂದೆ ಬರುತ್ತದೆ ಅಲ್ವಾ? ಆದರೆ ಟೆಕ್ಸಾಸ್ 1871ರಲ್ಲೇ ಬೀದಿಯಲ್ಲಿ ಪಿಸ್ತೂಲು ಹೊರುವುದನ್ನು ನಿಷೇಧಿಸಿತ್ತು. ಆ ನಿಷೇಧ ಹೆಚ್ಚುಕಡಿಮೆ 120 ವರ್ಷ ನಡೆಯಿತು. 1995ರಲ್ಲಿ ಲೈಸೆನ್ಸ್ ಪಡೆದು ಮುಚ್ಚಿಟ್ಟುಕೊಳ್ಳಲು ಅನುಮತಿ ಬಂತು, 2016ರ ಜನವರಿ 1ರಿಂದ ಲೈಸೆನ್ಸ್ ಇದ್ದವರು ಕಾಣುವಂತೆ ಹೊರಬಹುದು ಎಂದಾಯಿತು, 2021ರ ಸೆಪ್ಟೆಂಬರ್‌ನಿಂದ ಹೋಲ್‌ಸ್ಟರ್‌ನಲ್ಲಿದ್ದರೆ ಲೈಸೆನ್ಸೂ ಬೇಡ ಎಂದಾಯಿತು. ಅರಿಝೋನಾದ ಟೂಂಬ್‌ಸ್ಟೋನ್ ಎಂಬ ಊರಲ್ಲಿ 1881ರಲ್ಲಿ ನಡೆದ ಓ.ಕೆ. ಕೊರಾಲ್ ಗುಂಡಿನ ಕಾಳಗ ಸಿನಿಮಾಗಳಿಂದಾಗಿ ಜಗತ್ತಿಗೇ ಗೊತ್ತು. ಅದು ಶುರುವಾದದ್ದು ಯಾಕೆ ಎನ್ನುವುದು ಅಷ್ಟು ಜನಕ್ಕೆ ಗೊತ್ತಿಲ್ಲ. ಊರೊಳಗೆ ಬಂದವರು ಬಂದೂಕನ್ನು ಲಾಯದಲ್ಲೋ ಮದ್ಯದಂಗಡಿಯಲ್ಲೋ ಒಪ್ಪಿಸಬೇಕು ಎಂಬ ನಿಯಮ ಅಲ್ಲಿತ್ತು. ಅದನ್ನು ಮೀರಿದವರ ಆಯುಧ ಕಿತ್ತುಕೊಳ್ಳಲು ಊರಿನ ಮಾರ್ಷಲ್ ವರ್ಜಿಲ್ ಅರ್ಪ್ ತಮ್ಮಂದಿರ ಜೊತೆ ಹೋದಾಗ ಗುಂಡು ಹಾರಿತು. ಆ ಕಾಲದ ಗಡಿನಾಡಿನ ಊರುಗಳಿಗೆ ಬಂದೂಕು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದಕ್ಕೇ ಮಾರುಕಟ್ಟೆ ಬೀದಿಯಲ್ಲಿ ಅದು ಬೇಡ ಎಂದಿದ್ದರು.

ಇನ್ನು ಕಾನೂನಿನ ಕಡೆ. ಆಯುಧ ಇಟ್ಟುಕೊಳ್ಳುವ, ಹೊರುವ ಹಕ್ಕಿನ ಬಗ್ಗೆ ಹೇಳುವ ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿ ಬಂದದ್ದು 1791ರಲ್ಲಿ. ಅದು ನಾಗರಿಕ ಸೇನೆಯ ಹಕ್ಕೋ, ಒಬ್ಬೊಬ್ಬ ವ್ಯಕ್ತಿಯ ಹಕ್ಕೋ ಎಂಬ ಜಗಳ ಬಹಳ ಕಾಲ ನಡೆಯಿತು. 2008ರ ಹೆಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 5-4 ಬಹುಮತದಿಂದ, ಮನೆಯೊಳಗೆ ಆತ್ಮರಕ್ಷಣೆಗೆ ಪಿಸ್ತೂಲು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದಿತು. 2022ರ ಬ್ರೂಯೆನ್ ತೀರ್ಪು ಆ ಹಕ್ಕನ್ನು ಹೊಸ್ತಿಲು ದಾಟಿಸಿ ಬೀದಿಗೆ ತಂದಿತು. ವಿಶೇಷ ಕಾರಣ ತೋರಿಸಿದರೆ ಮಾತ್ರ ಲೈಸೆನ್ಸ್ ಎನ್ನುತ್ತಿದ್ದ ನ್ಯೂಯಾರ್ಕಿನ ನೂರು ವರ್ಷಕ್ಕೂ ಹಳೆಯ ನಿಯಮ ಬಿದ್ದುಹೋಯಿತು. ಅದರ ಜೊತೆಗೇ ಕೋರ್ಟು ಹೊಸ ಅಳತೆಗೋಲು ಕೊಟ್ಟಿತು. ಇಂದಿನ ಯಾವುದೇ ಬಂದೂಕು ನಿಯಮ ದೇಶದ ಹಳೆಯ ಸಂಪ್ರದಾಯಕ್ಕೆ ಹೊಂದಬೇಕು, ಹೊಂದುತ್ತದೆ ಎಂದು ಸರ್ಕಾರವೇ ತೋರಿಸಬೇಕು. 2024ರ ರಹೀಮಿ ಪ್ರಕರಣದಲ್ಲಿ ಇದನ್ನು ಸ್ವಲ್ಪ ಸಡಿಲಿಸಿ, ಹಳೆಯ ಕಾನೂನು ತದ್ರೂಪಿಯೇ ಆಗಬೇಕಿಲ್ಲ ಎಂದರು. ಆದರೂ ಅಳತೆಗೋಲು ಇತಿಹಾಸವೇ.

ಈ ಇತಿಹಾಸದಲ್ಲೊಂದು ಗಂಟು ಇದೆ. 19ನೇ ಶತಮಾನದಲ್ಲಿ ದಕ್ಷಿಣದ ರಾಜ್ಯಗಳ ಕೋರ್ಟುಗಳು ಇವತ್ತಿಗೆ ತದ್ವಿರುದ್ಧವಾಗಿ ಯೋಚಿಸುತ್ತಿದ್ದವು. ಮುಚ್ಚಿಟ್ಟುಕೊಳ್ಳುವುದು ಕಳ್ಳರ, ಹೊಂಚು ಹಾಕುವವರ ಕೆಲಸ. ಮರ್ಯಾದಸ್ಥ ಗಂಡಸು ಆಯುಧವನ್ನು ಕಾಣುವಂತೆ ಇಟ್ಟುಕೊಳ್ಳುತ್ತಾನೆ. ಕೆಂಟಕಿ 1813ರಲ್ಲೇ ಮುಚ್ಚಿಟ್ಟುಕೊಳ್ಳುವುದನ್ನು ನಿಷೇಧಿಸಿತು. ಜಾರ್ಜಿಯಾದ ಕೋರ್ಟು 1846ರಲ್ಲಿ, ಮುಚ್ಚಿಡುವುದನ್ನು ಬೇಕಾದರೆ ತಡೆಯಿರಿ, ಕಾಣುವಂತೆ ಹೊರುವುದನ್ನು ತಡೆಯುವ ಹಾಗಿಲ್ಲ ಎಂದಿತು. ಲೂಯಿಸಿಯಾನದ 1850ರ ತೀರ್ಪಿನ ಧಾಟಿಯೂ ಅದೇ. ಈಗ ಹಳೆಯ ಸಂಪ್ರದಾಯವೇ ಪ್ರಮಾಣ ಎಂದು ಹೊರಟರೆ, ಇಂದು ಅತಿ ಹೆಚ್ಚು ಜನರನ್ನು ಕಂಗೆಡಿಸುವ ರೀತಿಯೇ ಅತಿ ಹೆಚ್ಚು ರಕ್ಷಣೆ ಪಡೆದುಬಿಡುತ್ತದೆ. ಫ್ಲೋರಿಡಾ ತೀರ್ಪಿನ ತರ್ಕ ಹೆಚ್ಚುಕಡಿಮೆ ಇದೇ.

ಇದನ್ನು ಒಪ್ಪಲು ನನಗೆ ಆಗುವುದಿಲ್ಲ. ಆ ತೀರ್ಪುಗಳು ಹೇಳುತ್ತಿದ್ದ ಮರ್ಯಾದಸ್ಥ ಗಂಡಸು ಬಿಳಿಯನೇ ಆಗಿರುತ್ತಿದ್ದ. ಅದೇ ರಾಜ್ಯಗಳಲ್ಲಿ ಗುಲಾಮರಿಗೆ ಬಂದೂಕು ಮುಟ್ಟುವ ಹಾಗಿರಲಿಲ್ಲ. ಗುಲಾಮಗಿರಿ ಮುಗಿದ ಮೇಲೂ ಮಿಸಿಸಿಪ್ಪಿ 1865ರಲ್ಲೇ, ಬಿಡುಗಡೆಯಾದ ಕರಿಯರು ಅನುಮತಿ ಇಲ್ಲದೆ ಬಂದೂಕು ಇಟ್ಟುಕೊಳ್ಳಬಾರದು ಎಂದು ಕಾನೂನು ಮಾಡಿತು. ಯಾರ ಬಂದೂಕು ಗೌರವದ ಗುರುತು, ಯಾರದ್ದು ಅಪಾಯದ ಗುರುತು ಎಂದು ಮೊದಲೇ ತೀರ್ಮಾನವಾಗಿದ್ದ ಸಮಾಜ ಅದು. ಅಲ್ಲಿಂದ ಎತ್ತಿಕೊಂಡ ಸಂಪ್ರದಾಯವನ್ನು ಇವತ್ತಿನ ಬೀದಿಗೆ ಹಾಗೇ ತಂದು ಹಾಕುವುದು ಹೇಗೆ ಸರಿ?

ಅದು ಹಳೆಯ ಕಥೆ ಎನ್ನುವವರು 1967ನ್ನು ನೋಡಬೇಕು. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಹ್ಯೂಯಿ ನ್ಯೂಟನ್, ಬಾಬಿ ಸೀಲ್ ಕಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಆಗಿನ ಕಾನೂನಿನ ಪ್ರಕಾರವೇ ಗುಂಡು ತುಂಬಿದ ಬಂದೂಕುಗಳನ್ನು ಕಾಣುವಂತೆ ಹಿಡಿದು ಪೊಲೀಸ್ ಗಸ್ತಿನ ಹಿಂದೆ ಹೋಗುತ್ತಿದ್ದರು. ಪೊಲೀಸರು ಕರಿಯರನ್ನು ತಡೆದಾಗ ಅಷ್ಟು ದೂರದಲ್ಲಿ ನಿಂತು, ನಿಮ್ಮ ಹಕ್ಕು ಇಂಥದ್ದು ಎಂದು ಅವರಿಗೆ ಹೇಳುತ್ತಿದ್ದರು. ಇದನ್ನು ನಿಲ್ಲಿಸಲು ಡಾನ್ ಮಲ್ಫೋರ್ಡ್ ಎಂಬ ರಿಪಬ್ಲಿಕನ್ ಶಾಸಕ ಮಸೂದೆ ತಂದರು. ಅದನ್ನು ವಿರೋಧಿಸಿ ಮೇ 2ರಂದು ಸುಮಾರು 30 ಪ್ಯಾಂಥರ್‌ಗಳು ಸ್ಯಾಕ್ರಮೆಂಟೋದ ಶಾಸನಸಭೆಯ ಕಟ್ಟಡದೊಳಗೆ ಹೋದರು, ಹಲವರ ಕೈಯಲ್ಲಿ ಬಂದೂಕಿತ್ತು. ಮಸೂದೆ ಬೇಗ ಪಾಸಾಯಿತು. ಸಹಿ ಹಾಕಿದ ಗವರ್ನರ್ ರೊನಾಲ್ಡ್ ರೇಗನ್. ನಾಗರಿಕನೊಬ್ಬ ಗುಂಡು ತುಂಬಿದ ಆಯುಧ ಹಿಡಿದು ಬೀದಿಯಲ್ಲಿ ಓಡಾಡಲು ಯಾವ ಕಾರಣವೂ ಕಾಣುವುದಿಲ್ಲ ಎಂಬುದು ಅವರ ಮಾತು. ಇವತ್ತು ಬಂದೂಕು ಹಕ್ಕಿನ ದೊಡ್ಡ ಸಂಘಟನೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಕೂಡ ಆಗ ಈ ನಿಯಂತ್ರಣದ ಪರ ಇತ್ತು. ಇವತ್ತು ಓಪನ್ ಕ್ಯಾರಿ ಪರ ಮಾತಾಡುವ ರಾಜಕೀಯ ಬಣ ಮತ್ತು ಅಂದು ಅದನ್ನು ನಿಲ್ಲಿಸಿದ ಬಣ ಎರಡೂ ಒಂದೇ ಮನೆತನ.

2020ರ ಏಪ್ರಿಲ್ 30ರಂದು ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್‌ನಲ್ಲಿ ಇದಕ್ಕೆ ಹೋಲುವ ದೃಶ್ಯ ಮತ್ತೆ ಕಂಡಿತು. ಕೋವಿಡ್ ಲಾಕ್‌ಡೌನ್ ವಿರೋಧಿಸಿ ಬಂದವರಲ್ಲಿ ಹಲವರು ರೈಫಲ್ ಹಿಡಿದು ಶಾಸನಸಭೆಯ ಕಟ್ಟಡದೊಳಗೆ ಬಂದರು. ಕೆಲವರು ಸಭಾಂಗಣದ ಮೇಲಿನ ಗ್ಯಾಲರಿಯಲ್ಲಿ ನಿಂತು ಕೆಳಗೆ ಕೂತ ಶಾಸಕರತ್ತ ಕೂಗುತ್ತಿದ್ದರು. ಗುಂಡು ನಿರೋಧಕ ಅಂಗಿ ಹಾಕಿಕೊಂಡು ಕೂತ ಶಾಸಕರೂ ಇದ್ದರು. ಯಾರೂ ಗುಂಡು ಹಾರಿಸಲಿಲ್ಲ. ರೈಫಲ್ ತಂದದ್ದು ಅಲ್ಲಿಯ ಕಾನೂನಿಗೆ ವಿರುದ್ಧವೂ ಆಗಿರಲಿಲ್ಲ. ಎರಡು ವಾರದ ನಂತರ ಇನ್ನೊಂದು ಪ್ರತಿಭಟನೆ ಇದೆ ಎಂದು ಗೊತ್ತಾದಾಗ ಶಾಸನಸಭೆ ಆ ದಿನದ ಅಧಿವೇಶನವನ್ನೇ ರದ್ದು ಮಾಡಿತು. ಈ ಎರಡನೇ ಘಟನೆಯ ಬಗ್ಗೆ ಚರ್ಚೆ ಕಡಿಮೆ. ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ಜನ ಆರಿಸಿ ಕಳಿಸಿದ ಒಂದು ಸಭೆ ಬಾಗಿಲು ಹಾಕಿಕೊಳ್ಳಲು ಬಂದೂಕು ಸಿಡಿಯಬೇಕಾಗಲಿಲ್ಲ, ಕಂಡಿದ್ದೇ ಸಾಕಾಯಿತು. ಆ ಕಟ್ಟಡದೊಳಗೆ ಕಾಣುವಂತೆ ಬಂದೂಕು ತರಬಾರದು ಎಂಬ ನಿಯಮ ಬಂದದ್ದು 2021ರ ಜನವರಿಯಲ್ಲಿ, ವಾಷಿಂಗ್ಟನ್‌ನ ಕ್ಯಾಪಿಟಲ್ ಮೇಲೆ ದಾಳಿಯಾದ ನಂತರ.

2017ರ ಆಗಸ್ಟ್‌ನಲ್ಲಿ ವರ್ಜೀನಿಯಾದ ಷಾರ್ಲಟ್ಸ್‌ವಿಲ್‌ನಲ್ಲಿ ಬಿಳಿಯ ಜನಾಂಗವಾದಿಗಳ ಮೆರವಣಿಗೆ ನಡೆದಾಗ, ಅಲ್ಲಿನ ಯಹೂದಿ ಪ್ರಾರ್ಥನಾ ಮಂದಿರದ ಎದುರಿನ ರಸ್ತೆಯಲ್ಲಿ ಸೇನೆಯವರ ಥರದ ಬಟ್ಟೆ ತೊಟ್ಟ ಮೂವರು ರೈಫಲ್ ಹಿಡಿದು ನಿಂತಿದ್ದರು. ಶನಿವಾರ, ಒಳಗೆ ಪ್ರಾರ್ಥನೆ. ಅವರು ಏನೂ ಮಾಡಲಿಲ್ಲ, ಸುಮ್ನೆ ನಿಂತಿದ್ದರು. ಪ್ರಾರ್ಥನೆ ಮುಗಿದ ಮೇಲೆ ಜನ ಹಿಂಬಾಗಿಲಿಂದ ಗುಂಪು ಗುಂಪಾಗಿ ಹೊರಟರು. ಅಲ್ಲಿ ಪೊಲೀಸರು ಏನು ಮಾಡಬಹುದಿತ್ತು? ವರ್ಜೀನಿಯಾದಲ್ಲಿ ಕಾಣುವಂತೆ ಬಂದೂಕು ಹಿಡಿಯಬಹುದು, ಫುಟ್‌ಪಾತ್ ಮೇಲೆ ನಿಲ್ಲಬಹುದು. ಬೆದರಿಕೆ ಎಂದು ಸಾಬೀತಾಗಲು ಬಾಯಿಬಿಟ್ಟು ಹೇಳಬೇಕು ಅಥವಾ ಬಂದೂಕು ಗುರಿಯಿಡಬೇಕು. ಸುಮ್ಮನೆ ನಿಂತವನ ಮೇಲೆ ಕೇಸು ನಿಲ್ಲುವುದಿಲ್ಲ, ಆದರೆ ಅವನು ನಿಂತದ್ದರಿಂದ ಒಳಗಿದ್ದವರ ದಾರಿ ಬದಲಾಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ, ಅದನ್ನು ಬಿಟ್ಟರೆ ಅನ್ಯಾಯವಾಗುತ್ತದೆ. 2020ರ ಜನವರಿ 20ರಂದು ಅದೇ ವರ್ಜೀನಿಯಾದ ರಿಚ್ಮಂಡ್‌ನಲ್ಲಿ ಬಂದೂಕು ನಿಯಂತ್ರಣದ ವಿರುದ್ಧ ಸುಮಾರು 22 ಸಾವಿರ ಜನ ಸೇರಿದರು. ಬೇಲಿಯ ಹೊರಗಿದ್ದವರಲ್ಲಿ ಸಾವಿರಾರು ಜನರ ಹತ್ತಿರ ಬಂದೂಕಿತ್ತು. ದಿನ ಶಾಂತವಾಗಿ ಕಳೆಯಿತು. ಬಂದೂಕು ಹೊತ್ತ ಹೆಚ್ಚಿನವರು ಯಾರಿಗೂ ಕೇಡು ಮಾಡುವವರಲ್ಲ, ಇದು ನಿಜ. 2020ರ ಜನವರಿಯಿಂದ 2021ರ ಜೂನ್‌ವರೆಗಿನ 30 ಸಾವಿರಕ್ಕೂ ಹೆಚ್ಚು ಪ್ರತಿಭಟನೆಗಳನ್ನು ಆ್ಯಕ್ಲೆಡ್ ಎಂಬ ದತ್ತಾಂಶ ಸಂಸ್ಥೆ, ಎವ್ರಿಟೌನ್ ಎಂಬ ಬಂದೂಕು ನಿಯಂತ್ರಣದ ಪರವಾದ ಸಂಘಟನೆಯ ಜೊತೆ ಸೇರಿ ಲೆಕ್ಕ ಹಾಕಿತ್ತು. ಬಂದೂಕು ಕಂಡುಬಂದವು ಕನಿಷ್ಠ 560. ಅವುಗಳಲ್ಲಿ ಶೇ. 16ರಷ್ಟು ಹಿಂಸೆ ಅಥವಾ ಆಸ್ತಿ ನಾಶಕ್ಕೆ ತಿರುಗಿದ್ದವು. ಬಂದೂಕಿಲ್ಲದ ಪ್ರತಿಭಟನೆಗಳಲ್ಲಿ ಇದು ಶೇ. 3ಕ್ಕಿಂತ ಕಡಿಮೆ. ಬಂದೂಕು ಬಂದದ್ದಕ್ಕೇ ಗಲಾಟೆ ಆಯಿತು ಎಂದು ಈ ಲೆಕ್ಕ ಹೇಳುವುದಿಲ್ಲ. ಗಲಾಟೆ ಆಗುವ ಕಡೆಗೇ ಜನ ಬಂದೂಕು ತಂದಿರಲೂಬಹುದು. 2020ರಲ್ಲೇ ವಿಸ್ಕಾನ್ಸಿನ್ ರಾಜ್ಯದ ಕೆನೋಷಾದಲ್ಲಿ 17 ವರ್ಷದ ಹುಡುಗನೊಬ್ಬ ಆಸ್ತಿ ಕಾಯುತ್ತೇನೆ ಎಂದು ಎಆರ್-15 ಥರದ ರೈಫಲ್ ಹಿಡಿದು ರಾತ್ರಿ ಬೀದಿಗಿಳಿದ, ಕೊನೆಗೆ ಇಬ್ಬರು ಸತ್ತರು, ಒಬ್ಬರು ಗಾಯಗೊಂಡರು. 2021ರಲ್ಲಿ ಜ್ಯೂರಿ ಅದನ್ನು ಆತ್ಮರಕ್ಷಣೆ ಎಂದು ಒಪ್ಪಿ ಬಿಡುಗಡೆ ಮಾಡಿತು. ಆ ತೀರ್ಪಿನ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಬೀದಿಯಲ್ಲಿ ಆ ರೈಫಲ್ ಇರದಿದ್ದರೆ ಆ ರಾತ್ರಿ ಹಾಗೆ ಮುಗಿಯುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಪೊಲೀಸರ ಪಾಡು ಇನ್ನೊಂದು. ಓಪನ್ ಕ್ಯಾರಿ ಇರುವ ರಾಜ್ಯದಲ್ಲಿ ಬಂದೂಕು ಕಂಡಿತು ಎಂಬ ಒಂದೇ ಕಾರಣಕ್ಕೆ ಯಾರನ್ನೂ ತಡೆದು ನಿಲ್ಲಿಸುವ ಹಾಗಿಲ್ಲ. ಓಹಾಯೋದ ಟೊಲಿಡೋ ನಗರದಲ್ಲಿ ಸೊಂಟದಲ್ಲಿ ಪಿಸ್ತೂಲಿಟ್ಟುಕೊಂಡು ಮನೆಯವರ ಜೊತೆ ನಾಯಿ ವಾಕಿಂಗ್ ಹೊರಟಿದ್ದ ವ್ಯಕ್ತಿಯನ್ನು ಪೊಲೀಸರು ತಡೆದಿದ್ದರು. 2015ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು, ರಾಜ್ಯವೇ ಅನುಮತಿಸಿದ ಕೆಲಸ ಮಾಡುತ್ತಿದ್ದವನ ಮೇಲೆ ಅನುಮಾನ ಪಡಲು ಕಾರಣವೇನು ಎಂದು ಕೇಳಿತು. ತರ್ಕ ಸರಿಯೇ. ಅದೇ ವರ್ಷ ಅಕ್ಟೋಬರ್ 31ರಂದು ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ಮಹಿಳೆಯೊಬ್ಬರು ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ, ಬೀದಿಯಲ್ಲಿ ಒಬ್ಬ ರೈಫಲ್ ಹಿಡಿದು ಓಡಾಡುತ್ತಿದ್ದಾನೆ ಎಂದರು. ಕೊಲರಾಡೋದಲ್ಲಿ ಕಾಣುವಂತೆ ಬಂದೂಕು ಹಿಡಿಯಬಹುದು ಎಂದು ಅತ್ತ ಕಡೆಯವರು ವಿವರಿಸಿದರು. ಅವರು ಎರಡನೇ ಸಲ ಫೋನ್ ಮಾಡುವ ಹೊತ್ತಿಗೆ ಅವನು ಗುಂಡು ಹಾರಿಸಲು ಶುರು ಮಾಡಿದ್ದ. ಮೂವರು ಸತ್ತರು. ಮೊದಲ ಗುಂಡು ಹಾರುವವರೆಗೂ ನಾಯಿ ಜೊತೆ ಹೊರಟವನಿಗೂ ಕೊಲ್ಲಲು ಹೊರಟವನಿಗೂ ಕಾನೂನಿನ ಕಣ್ಣಲ್ಲಿ ವ್ಯತ್ಯಾಸವಿಲ್ಲ. ಓಪನ್ ಕ್ಯಾರಿ ಪರ ಇರುವವರು ಉತ್ತರಿಸಲೇಬೇಕಾದ ಪ್ರಶ್ನೆ ಇದು, ನನಗೆ ಸಮಾಧಾನ ಕೊಡುವ ಉತ್ತರ ಇನ್ನೂ ಸಿಕ್ಕಿಲ್ಲ.

2016ರ ಜುಲೈ 7ರಂದು ಡಲ್ಲಾಸ್‌ನಲ್ಲಿ ಒಂದು ಪ್ರತಿಭಟನಾ ಮೆರವಣಿಗೆಯ ವೇಳೆ ಐವರು ಪೊಲೀಸರನ್ನು ಒಬ್ಬ ಗುಂಡಿಟ್ಟು ಕೊಂದ. ಟೆಕ್ಸಾಸ್‌ನ ಹೊಸ ಕಾನೂನಿಗೆ ಆಗ ಆರು ತಿಂಗಳು. ಆ ಮೆರವಣಿಗೆಯಲ್ಲಿ ರೈಫಲ್ ಹೊತ್ತ ಬೇರೆ ಜನರೂ ಇದ್ದರು. ಟೆಕ್ಸಾಸ್‌ನಲ್ಲಿ ಉದ್ದ ಬಂದೂಕಿಗೆ ಮೊದಲಿಂದಲೂ ತಡೆ ಇರಲಿಲ್ಲ. ಅವರಲ್ಲಿ ಒಬ್ಬರ ಫೋಟೋವನ್ನು ಪೊಲೀಸರು ಶಂಕಿತ ಎಂದು ಟ್ವಿಟರ್‌ನಲ್ಲಿ ಹಾಕಿದರು. ಅವರು ನಿರಪರಾಧಿ, ಕಪ್ಪು ವರ್ಣದವರು, ತಮ್ಮ ರೈಫಲನ್ನು ತಾವೇ ಪೊಲೀಸರಿಗೆ ಒಪ್ಪಿಸಿದ್ದವರು. ಗುಂಡು ಹಾರುವಾಗ ಕೈಯಲ್ಲಿ ರೈಫಲ್ ಇರುವ ಹತ್ತಾರು ಜನರಲ್ಲಿ ಯಾರು ಒಳ್ಳೆಯವರು ಎಂದು ಹೇಗೆ ತಿಳಿಯಬೇಕು ಎಂದು ಅಂದಿನ ಪೊಲೀಸ್ ಮುಖ್ಯಸ್ಥ ಡೇವಿಡ್ ಬ್ರೌನ್ ಕೇಳಿದರು. 2021ರ ಜೂನ್‌ನಲ್ಲಿ ಕೊಲರಾಡೋದ ಅರ್ವಾಡಾದಲ್ಲಿ ಆದದ್ದು ಇನ್ನೂ ಸಂಕಟದ ವಿಷಯ. ಪೊಲೀಸ್ ಅಧಿಕಾರಿಯೊಬ್ಬರನ್ನು ಕೊಂದವನನ್ನು ದಾರಿಹೋಕರೊಬ್ಬರು ತಮ್ಮ ಪಿಸ್ತೂಲಿಂದ ಹೊಡೆದು ನಿಲ್ಲಿಸಿದರು. ಅವನ ರೈಫಲನ್ನು ಕೈಗೆತ್ತಿಕೊಂಡರು. ಆಗ ಅಲ್ಲಿಗೆ ಬಂದ ಇನ್ನೊಬ್ಬ ಅಧಿಕಾರಿಗೆ ಕಂಡದ್ದು ರೈಫಲ್ ಹಿಡಿದ ಒಬ್ಬ ಮನುಷ್ಯ, ಅಷ್ಟೇ. ಜನರನ್ನು ಉಳಿಸಿದವರು ಪೊಲೀಸ್ ಗುಂಡಿಗೆ ಸತ್ತರು.

ಬಣ್ಣದ ಪ್ರಶ್ನೆ ಇಲ್ಲಿ ತುಂಬ ಚುಚ್ಚುತ್ತದೆ. ಓಹಾಯೋ ಓಪನ್ ಕ್ಯಾರಿ ಇರುವ ರಾಜ್ಯ. ಅಲ್ಲೇ 2014ರ ಆಗಸ್ಟ್‌ನಲ್ಲಿ ಜಾನ್ ಕ್ರಾಫರ್ಡ್ ಎಂಬ 22ರ ಕಪ್ಪು ಯುವಕ ವಾಲ್‌ಮಾರ್ಟ್‌ನೊಳಗೆ, ಅದೇ ಅಂಗಡಿಯ ಶೆಲ್ಫಿನಿಂದ ಎತ್ತಿಕೊಂಡ ಏರ್ ಗನ್ ಹಿಡಿದು ಫೋನಿನಲ್ಲಿ ಮಾತಾಡುತ್ತಿದ್ದಾಗ ಪೊಲೀಸರ ಗುಂಡಿಗೆ ಸತ್ತ. ಅದೇ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್‌ನ ಪಾರ್ಕಿನಲ್ಲಿ ಆಟಿಕೆ ಪಿಸ್ತೂಲು ಹಿಡಿದಿದ್ದ 12 ವರ್ಷದ ತಮೀರ್ ರೈಸ್ ಸತ್ತ. 2016ರಲ್ಲಿ ಮಿನೆಸೋಟಾದಲ್ಲಿ ಫಿಲಾಂಡೋ ಕಾಸ್ಟೀಲ್ ಎಂಬುವರನ್ನು ಕಾರು ನಿಲ್ಲಿಸಿ ವಿಚಾರಿಸುವಾಗ, ನನ್ನ ಬಳಿ ಬಂದೂಕಿದೆ ಎಂದು ಅವರೇ ಅಧಿಕಾರಿಗೆ ತಿಳಿಸಿದರು. ಅವರ ಹತ್ತಿರ ಪರ್ಮಿಟ್ ಇತ್ತು. ಕೆಲವೇ ಕ್ಷಣದಲ್ಲಿ ಗುಂಡು ಬಿತ್ತು. ಅಧಿಕಾರಿ ಮೇಲಿನ ಆರೋಪ ಕೋರ್ಟಿನಲ್ಲಿ ನಿಲ್ಲಲಿಲ್ಲ. ಕಾಗದದ ಮೇಲೆ ಹಕ್ಕು ಎಲ್ಲರದ್ದು. ಅದನ್ನು ನಂಬಿ ಬೀದಿಯಲ್ಲಿ ನೆಮ್ಮದಿಯಿಂದ ನಡೆಯಬಲ್ಲವರು ಮಾತ್ರ ಎಲ್ಲರೂ ಅಲ್ಲ. ಅಮೆರಿಕದಲ್ಲಿರುವ ನಮ್ಮವರಲ್ಲೂ ಬಂದೂಕು ಕೊಳ್ಳುವವರಿದ್ದಾರೆ, ಕೊಳ್ಳಲಿ, ಅದು ಅವರ ಹಕ್ಕು. ಆದರೆ ಕಂದು ಮೈಬಣ್ಣದ ಮನುಷ್ಯ ಸೊಂಟದಲ್ಲಿ ಪಿಸ್ತೂಲು ತೋರಿಸಿಕೊಂಡು ಅಂಗಡಿಗೆ ಹೋಗುವ ಮೊದಲು ಈ ಹೆಸರುಗಳನ್ನು ನೆನೆಯುವುದು ಒಳ್ಳೆಯದು.

ಓಪನ್ ಕ್ಯಾರಿ ಬೇಕು ಎನ್ನುವವರ ವಾದವನ್ನೂ ನ್ಯಾಯವಾಗಿ ಕೇಳಬೇಕು. ಅವರಲ್ಲಿ ಎಲ್ಲರೂ ಮೆರೆಯಲು ಹೊರಟವರಲ್ಲ. ಪಶ್ಚಿಮದ ರಾಂಚುಗಳಲ್ಲಿ, ಅಲಾಸ್ಕಾದ ಕಾಡುಗಳಲ್ಲಿ ಪೊಲೀಸರು ಬರಲು ಗಂಟೆಗಟ್ಟಲೆ ಆಗುತ್ತದೆ, ಕರಡಿಗಳಿವೆ, ಅಲ್ಲಿ ಸೊಂಟದ ಪಿಸ್ತೂಲು ಕೆಲಸದ ಸಾಮಾನು. ಲೈಸೆನ್ಸಿಗೆ ಶುಲ್ಕ, ತರಬೇತಿ ಎಂದು ದುಡ್ಡು ಖರ್ಚಾಗುತ್ತದೆ, ಬಡವರು ಹೊರಗುಳಿಯುತ್ತಾರೆ ಎನ್ನುವ ಮಾತಿನಲ್ಲೂ ಹುರುಳಿದೆ. ಮುಚ್ಚಿಟ್ಟುಕೊಂಡವರ ಅಂಗಿ ಗಾಳಿಗೆ ಸರಿದು ಪಿಸ್ತೂಲು ಕಂಡರೆ ಅದೇ ಅಪರಾಧ ಆಗಬಾರದು ಎನ್ನುವುದೂ ಸರಿಯೇ. ಟೆಕ್ಸಾಸ್‌ನ ವೈಟ್ ಸೆಟಲ್‌ಮೆಂಟ್‌ನ ಚರ್ಚಿನಲ್ಲಿ 2019ರ ಡಿಸೆಂಬರ್‌ನಲ್ಲಿ ಇಬ್ಬರನ್ನು ಕೊಂದವನನ್ನು ಅಲ್ಲಿಯ ಸ್ವಯಂಸೇವಕ ಕಾವಲುಗಾರರೊಬ್ಬರು ಕೆಲವೇ ಸೆಕೆಂಡುಗಳಲ್ಲಿ ಹೊಡೆದುರುಳಿಸಿದರು. 2022ರಲ್ಲಿ ಇಂಡಿಯಾನಾದ ಗ್ರೀನ್‌ವುಡ್ ಮಾಲ್‌ನಲ್ಲಿ 22 ವರ್ಷದ ಯುವಕ ದಾಳಿಕೋರನನ್ನು ನಿಲ್ಲಿಸಿದ. ಇಂಥ ಘಟನೆಗಳು ನಡೆದಿವೆ, ಅವರಿಂದ ಜೀವಗಳು ಉಳಿದಿವೆ.

ಆದರೆ ಗ್ರೀನ್‌ವುಡ್‌ನ ಯುವಕನ ಹತ್ತಿರವೂ, ಅರ್ವಾಡಾದ ದಾರಿಹೋಕರ ಹತ್ತಿರವೂ ಇದ್ದದ್ದು ಮುಚ್ಚಿಟ್ಟ ಪಿಸ್ತೂಲು. ಆತ್ಮರಕ್ಷಣೆಯ ಒಳ್ಳೆಯ ಉದಾಹರಣೆಗಳನ್ನು ಕಾಣುವ ಬಂದೂಕಿನ ಖಾತೆಗೆ ಬರೆದುಕೊಳ್ಳುವುದು ಸರಿಯಲ್ಲ. ಆತ್ಮರಕ್ಷಣೆಯೇ ಗುರಿಯಾದರೆ ಮುಚ್ಚಿಟ್ಟದ್ದೂ ಅದನ್ನು ಮಾಡುತ್ತದೆ. ಕಾಣುವುದರಿಂದ ಜಾಸ್ತಿ ಸಿಗುವುದು ಏನು? ಕೆಟ್ಟವರು ಹೆದರುತ್ತಾರೆ ಎನ್ನುತ್ತಾರೆ. ಹೆದರಬಹುದು. ಒಳ್ಳೆಯವರೂ ಹೆದರುತ್ತಾರೆ. ಕೊಲ್ಲಲೇ ಬಂದವನಿಗೆ ಮೊದಲು ಯಾರನ್ನು ಹೊಡೆಯಬೇಕು ಎಂದೂ ಗೊತ್ತಾಗುತ್ತದೆ. ಓಪನ್ ಕ್ಯಾರಿಯನ್ನೇ ಬೇರೆ ಮಾಡಿ ಅಳೆದ ಗಟ್ಟಿ ಸಂಶೋಧನೆ ತೀರಾ ವಿರಳ. ಇರುವುದೆಲ್ಲ ಹೆಚ್ಚಾಗಿ ಮುಚ್ಚಿಟ್ಟುಕೊಳ್ಳುವ ಅನುಮತಿ ಸಡಿಲಿಸಿದ್ದರ ಬಗ್ಗೆ. ಅದರಲ್ಲಿ ಸ್ಟ್ಯಾನ್‌ಫರ್ಡ್‌ನ ಜಾನ್ ಡೊನೊಹ್ಯೂ ಮತ್ತು ಜೊತೆಗಾರರ 2019ರ ಅಧ್ಯಯನ, ಸಡಿಲಿಸಿದ ಹತ್ತು ವರ್ಷದ ನಂತರ ಹಿಂಸೆಯ ಅಪರಾಧಗಳು ಶೇ. 13ರಿಂದ 15ರಷ್ಟು ಹೆಚ್ಚಿದ್ದವು ಎಂದು ಅಂದಾಜು ಮಾಡಿದೆ. ಬಂದೂಕು ಹೆಚ್ಚಿದರೆ ಅಪರಾಧ ಕಡಿಮೆ ಎನ್ನುವವರು ಈ ಅಂಕಿಯನ್ನು ಒಪ್ಪುವುದಿಲ್ಲ, ಆ ಜಗಳ ಇನ್ನೂ ನಡೆಯುತ್ತದೆ. ಆ ದೇಶದಲ್ಲಿ 2023ರಲ್ಲಿ ಬಂದೂಕಿನಿಂದ ಸತ್ತವರು 46,728 ಜನ, ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಓಪನ್ ಕ್ಯಾರಿ ನಿಲ್ಲಿಸಿದರೆ ಈ ಸಂಖ್ಯೆ ದೊಡ್ಡದಾಗಿ ಇಳಿಯುತ್ತದೆ ಎಂದು ನಾನು ಹೇಳುವುದಿಲ್ಲ. ನನ್ನ ತಕರಾರು ಬೇರೆ, ಅದು ಸಾರ್ವಜನಿಕ ಜಾಗ ಯಾರದ್ದು ಎನ್ನುವುದರ ಬಗ್ಗೆ.

ವ್ಯಾಪಾರಸ್ಥರಿಗೆ ಇದು ಬೇಗ ಅರ್ಥವಾಯಿತು. ಓಪನ್ ಕ್ಯಾರಿ ಪರ ಇರುವವರು ಅಂಗಡಿಗಳನ್ನೇ ವೇದಿಕೆ ಮಾಡಿಕೊಂಡಾಗ ಸ್ಟಾರ್‌ಬಕ್ಸ್‌ನ ಮುಖ್ಯಸ್ಥ ಹೊವರ್ಡ್ ಶುಲ್ಟ್ಝ್ 2013ರಲ್ಲಿ ಬಹಿರಂಗ ಪತ್ರ ಬರೆದು, ದಯವಿಟ್ಟು ಬಂದೂಕು ತರಬೇಡಿ ಎಂದು ಕೇಳಿಕೊಂಡರು. ನಿಷೇಧ ಹಾಕಲಿಲ್ಲ. ಹಾಕಿದರೆ ಬಂದೂಕು ಹಿಡಿದು ಬಂದ ಗಿರಾಕಿಯನ್ನು ಕೌಂಟರಿನ ಹಿಂದಿರುವ ಹುಡುಗರೇ ತಡೆಯಬೇಕಾಗುತ್ತದೆ, ಅವರನ್ನು ಆ ಸ್ಥಿತಿಗೆ ದೂಡಲಾರೆ ಎಂಬುದು ಅವರ ಕಾರಣ. 2014ರಲ್ಲಿ ಟಾರ್ಗೆಟ್ ಎಂಬ ಅಂಗಡಿ ಸರಣಿಯೂ ಇದನ್ನೇ ಕೇಳಿತು. ಆ ವರ್ಷ ಟೆಕ್ಸಾಸ್‌ನಲ್ಲಿ ಕೆಲವರು ರೈಫಲ್ ಹೊತ್ತು ಹೋಟೆಲ್‌ಗಳಿಗೆ ಹೋಗುವುದನ್ನು ರೈಫಲ್ ಅಸೋಸಿಯೇಷನ್‌ನ ಒಂದು ಘಟಕವೇ ವಿಚಿತ್ರ ನಡವಳಿಕೆ ಎಂದು ಬರೆದು, ಕೆಲವೇ ದಿನದಲ್ಲಿ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. 2019ರ ಆಗಸ್ಟ್‌ನಲ್ಲಿ ಎಲ್ ಪಾಸೋದ ವಾಲ್‌ಮಾರ್ಟ್‌ನಲ್ಲಿ ಹತ್ಯಾಕಾಂಡ ನಡೆದು 23 ಜನ ಪ್ರಾಣ ಕಳೆದುಕೊಂಡರು. ಐದೇ ದಿನದ ನಂತರ ಮಿಸೌರಿಯ ಇನ್ನೊಂದು ವಾಲ್‌ಮಾರ್ಟ್‌ಗೆ ಒಬ್ಬ ರಕ್ಷಣಾ ಕವಚ ತೊಟ್ಟು ರೈಫಲ್ ಹಿಡಿದು ಬಂದ. ನನ್ನ ಹಕ್ಕನ್ನು ಗೌರವಿಸುತ್ತಾರಾ ಎಂದು ಪರೀಕ್ಷಿಸಲು ಬಂದೆ ಎಂದ. ಜನ ದಿಕ್ಕಾಪಾಲಾಗಿ ಓಡಿದರು. ಅದಾದ ಮುಂದಿನ ತಿಂಗಳು ವಾಲ್‌ಮಾರ್ಟ್ ಕೂಡ, ಕಾಣುವಂತೆ ಬಂದೂಕು ತರಬೇಡಿ ಎಂದಿತು.

ನಮ್ಮ ಕಡೆಯವರಿಗೆ ಇಲ್ಲಿ ಕೊಡಗು ನೆನಪಾಗದೆ ಇರದು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಕೋವಿ ಇಡುವ ಹಾಗಿಲ್ಲ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ, ತೆಂಗಿನಕಾಯಿಗೆ ಗುರಿ ಇಡುವ ಪಂದ್ಯ ನಡೆಯುತ್ತದೆ, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು ಹಾರಿಸುತ್ತಾರೆ. ಎಲ್ಲರ ಮುಂದೆಯೇ ಕೋವಿ ಹೊರಗೆ ಬರುತ್ತದೆ. ಅಮೆರಿಕದ ಹಕ್ಕಿಗೂ ಇದಕ್ಕೂ ಸುಮ್ಮನೆ ಹೋಲಿಕೆ ಮಾಡುವವರಿದ್ದಾರೆ, ನನಗದು ಸರಿ ಕಾಣುವುದಿಲ್ಲ. ಕೊಡಗಿನಲ್ಲಿ ಕೋವಿ ಕಾಣುವುದು ಒಕ್ಕದ, ಅಂದರೆ ಮನೆತನದ, ಹಿರಿಯರ ಎದುರು, ಹಬ್ಬದ ನಡುವೆ, ಊರಿಗೆಲ್ಲ ಗೊತ್ತಿರುವ ಕೈಗಳಲ್ಲಿ. ಅದು ಎದುರಾಳಿಗೆ ತೋರಿಸಲು ತಂದದ್ದಲ್ಲ. ಹೊರಗೆ ಒಯ್ಯಬೇಕಾದರೆ ವಿನಾಯಿತಿ ಪತ್ರ ಜೊತೆಗಿರಬೇಕು. ದೇಶದ ಬೇರೆಡೆ ಮದುವೆ ಮೆರವಣಿಗೆಗಳಲ್ಲಿ ಖುಷಿಗೆಂದು ಹಾರಿಸಿದ ಗುಂಡು ಜನರ ಜೀವ ತೆಗೆದ ಮೇಲೆ, 2019ರ ತಿದ್ದುಪಡಿ ಅದಕ್ಕೆ ಎರಡು ವರ್ಷದವರೆಗೆ ಜೈಲು ಶಿಕ್ಷೆ ಇಟ್ಟಿದೆ. ಅಂದರೆ ನಮ್ಮ ಕಾನೂನೂ ಕೋವಿ ಯಾರ ಹತ್ತಿರ ಇದೆ ಎನ್ನುವುದರ ಜೊತೆಗೆ, ಯಾವ ಜಾಗದಲ್ಲಿ, ಯಾರ ಮುಂದೆ ಎನ್ನುವುದನ್ನೂ ಕೇಳುತ್ತದೆ.

ಚುನಾವಣೆ ಬಂದರೆ ನಮ್ಮಲ್ಲಿ ಲೈಸೆನ್ಸ್ ಇರುವವರು ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು ಎಂದು ಆದೇಶ ಬರುತ್ತದೆ. ಮಲೆನಾಡು, ಕರಾವಳಿಯ ಕೃಷಿಕರಿಗೆ ಇದರ ಮೇಲೆ ಸಿಟ್ಟಿದೆ. ಮಂಗ, ಕಾಡುಹಂದಿ ತೋಟಕ್ಕೆ ನುಗ್ಗುವುದು ಚುನಾವಣೆ ನೋಡಿಕೊಂಡಲ್ಲ. ಬೆಳೆ ಕಾಯುವ ರೈತನ ಕೋವಿಯನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವುದು ಅತಿಯಾಯಿತು ಎಂದು ನನಗೂ ಅನ್ನಿಸುತ್ತದೆ. ಅಮೆರಿಕ ಇನ್ನೊಂದು ತುದಿಯಲ್ಲಿದೆ. 2020ರ ಅಕ್ಟೋಬರ್‌ನಲ್ಲಿ ಮಿಷಿಗನ್‌ನ ಚುನಾವಣಾ ಉಸ್ತುವಾರಿ ಹೊತ್ತಿದ್ದ ಜೋಸೆಲಿನ್ ಬೆನ್ಸನ್, ಮತಗಟ್ಟೆಯಿಂದ 100 ಅಡಿಯೊಳಗೆ ಕಾಣುವಂತೆ ಬಂದೂಕು ಹಿಡಿಯಬಾರದು ಎಂದು ಆದೇಶ ಹೊರಡಿಸಿದರು. ಬಂದೂಕು ಹಕ್ಕಿನ ಸಂಘಟನೆಗಳು ಕೋರ್ಟಿಗೆ ಹೋದವು. ನಿಯಮ ಮಾಡುವ ವಿಧಾನ ಪಾಲಿಸಿಲ್ಲ ಎಂದು ಮತದಾನಕ್ಕೆ ವಾರವಿರುವಾಗ ನ್ಯಾಯಾಧೀಶರು ಅದನ್ನು ತಡೆಹಿಡಿದರು. ಆ ಆದೇಶಕ್ಕೆ ಕೆಲವೇ ದಿನ ಮೊದಲು ಅದೇ ರಾಜ್ಯದ ಗವರ್ನರ್ ಗ್ರೆಚೆನ್ ವಿಟ್ಮರ್ ಅವರ ಅಪಹರಣಕ್ಕೆ ಸಂಚು ಮಾಡಿದವರು ಸಿಕ್ಕಿಬಿದ್ದಿದ್ದರು.

ಬ್ರೂಯೆನ್ ತೀರ್ಪೇ ಒಂದು ಬಾಗಿಲನ್ನು ತೆರೆದಿಟ್ಟಿದೆ. ಶಾಸನಸಭೆ, ಮತಗಟ್ಟೆ, ಕೋರ್ಟು ಇವು ಸೂಕ್ಷ್ಮ ಜಾಗಗಳು, ಅಲ್ಲಿ ಬಂದೂಕು ತಡೆಯುವುದಕ್ಕೆ ಇತಿಹಾಸದ ಬೆಂಬಲವಿದೆ ಎಂದು ಆ ತೀರ್ಪು ತಾನೇ ಹೇಳುತ್ತದೆ. ಒಂದು ರೀತಿಯಲ್ಲಿ ಹೊರಲು ಅವಕಾಶ ಉಳಿಸಿ ಇನ್ನೊಂದು ರೀತಿಯನ್ನು ತಡೆದ ಹಳೆಯ ಕಾನೂನುಗಳೂ ಇದ್ದವು ಎಂಬುದನ್ನೂ ಒಪ್ಪುತ್ತದೆ. ಹಾಗಾಗಿ ಮುಚ್ಚಿಟ್ಟುಕೊಳ್ಳಲು ಅನುಮತಿ ಕೊಟ್ಟ ರಾಜ್ಯ, ಪ್ರತಿಭಟನೆಯ ಜಾಗ, ಮತಗಟ್ಟೆಯ ಸುತ್ತ, ಶಾಸನಸಭೆಯ ಒಳಗೆ, ಪ್ರಾರ್ಥನೆ ನಡೆಯುವ ಕಟ್ಟಡದ ಎದುರು ಕಾಣುವ ಬಂದೂಕನ್ನು ನಿಲ್ಲಿಸಿದರೆ ಯಾರ ಆತ್ಮರಕ್ಷಣೆಯೂ ಕೈತಪ್ಪುವುದಿಲ್ಲ. ಮಿಷಿಗನ್‌ನಲ್ಲಿ ಬಿದ್ದುಹೋದದ್ದು ಚುನಾವಣೆ ಹತ್ತಿರ ಬಂದಾಗ ಅವಸರದಲ್ಲಿ ಹೊರಡಿಸಿದ ಆದೇಶ. ಶಾಸನಸಭೆ ಚುನಾವಣೆಗೆ ಮೊದಲೇ ಕೂತು, 100 ಅಡಿ ಎಂದು ಸಂಖ್ಯೆ ಹಾಕಿ ಕಾನೂನು ಮಾಡಿದರೆ ಅದನ್ನು ವಿಧಾನದ ಲೋಪ ತೋರಿಸಿ ತಡೆಯಲು ಬರುವುದಿಲ್ಲ.